ಬರ್ಮಾದ ಹೊಲದಾಗ ನಾಲ್ಕನೆಯ ಗುಂಡಿ

ಯಲವಿಗಿ

ಬರ್ಮಾಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಕಡೆಯವರು ಬಂಗಾರದ ಗೋಪುರಗಳ ಸುದ್ದಿ ಕೇಳುತ್ತಾರೆ. ಗೋಪುರಗಳನ್ನು ನಾನು ಲಾರಿಯ ಹಿಂಬದಿಯಿಂದ, ಧೂಳಿನ ನಡುವೆ ನೋಡಿದ್ದೇನೆ. ಚಲೋ ಇದ್ದವು. ಆದರೆ ನಾನು ಕಣ್ಣು ತುಂಬ ನೋಡಿದ್ದು ಒಂದು ಹೊಲವನ್ನು. ಹೊಟ್ಟೆಯ ಮೇಲೆ ಮಲಗಿ, ಮೂಗಿಗೆ ಮಣ್ಣು ಹತ್ತುವಷ್ಟು ಹತ್ತಿರದಿಂದ ನೋಡಿದೆ. ಅದರ ಸುದ್ದಿಯನ್ನೇ ಹೇಳುತ್ತೇನೆ.

ನಮ್ಮದು ಹಾನಗಲ್ಲ ತಾಲೂಕಿನ ಅಕ್ಕಿಆಲೂರು. ಮನೆತನದವರೆಲ್ಲ ಭತ್ತ ಬೆಳೆದವರು, ಅಕ್ಕಿ ಮಾರಿದವರು. ಮದ್ದು-ಗುಂಡು ಮುಟ್ಟಿದವನು ನಾನೊಬ್ಬನೇ. ಯುದ್ಧ ಶುರುವಾದಾಗ ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದೆ, ಲಷ್ಕರಕ್ಕೆ ಸೇರಿದೆ. ಅವರು ನನ್ನನ್ನು ಮದ್ದಿನ ಡಿಪೋಕ್ಕೆ ಕಳಿಸಿದರು. ಯಾವ ಗುಂಡು ಸರಿಯಿದೆ, ಯಾವುದು ಕೆಟ್ಟಿದೆ, ಕೆಟ್ಟದ್ದನ್ನು ಯಾರಿಗೂ ಪೆಟ್ಟಾಗದಂತೆ ಹೇಗೆ ಮುಗಿಸಬೇಕು, ಇದನ್ನೇ ವರ್ಷಗಟ್ಟಲೆ ಕಲಿತೆ. ಕಡೆಗೆ ತಪಾಸಣೆಯ ಹವಾಲ್ದಾರನಾದೆ. ಈ ಕೆಲಸದಲ್ಲಿ ನಾನು ಜಾಣನಿದ್ದೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ಕೈಯಲ್ಲಿ ಹತ್ತೂ ಬೆರಳು ಇರುವುದೇ ಅದಕ್ಕೆ ಸಾಕ್ಷಿ.

1947ರ ಬೇಸಿಗೆಯಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದಾಗ ತಂತಿ ಬಂತು. ಬರ್ಮಾದ ಪೆಗು ಪಟ್ಟಣದ ಆಚೆ ಒಂದು ಹಳ್ಳಿಯ ಹೊಲಗಳನ್ನು ಲಷ್ಕರ ಕೆಟ್ಟ ಮದ್ದು-ಗುಂಡು ಸುಡಲಿಕ್ಕೆ ತೆಗೆದುಕೊಂಡಿತ್ತು. ಈಗ ಅವನ್ನು ರೈತರಿಗೆ ತಿರುಗಿ ಕೊಡಬೇಕು. ಕೊಡಬಹುದೋ ಇಲ್ಲವೋ ನೋಡಿ ಹೇಳುವ ಕೆಲಸ ನನ್ನದು.

ಅವ್ವ ಬುತ್ತಿ ಕಟ್ಟುತ್ತ ಕೇಳಿದಳು, "ಯುದ್ಧ ಮುಗದು ಎರಡು ವರ್ಷ ಆಗಾಕ ಬಂತು. ಮತ್ತ್ಯಾವ ಯುದ್ಧಕ್ಕ ಹೊಂಟೀಯಪಾ?"

"ಯುದ್ಧ ಮುಗದೈತಿ ಅವ್ವಾ, ಮದ್ದು ಮುಗದಿಲ್ಲ. ನೆಲದಾಗ ಉಳದೈತಿ. ನೋಡಿ ಬರ್ತೇನಿ."

"ನೋಡಿ ಬಾ. ಮುಟ್ಟಬ್ಯಾಡ."

ಇಷ್ಟು ಚೊಕ್ಕ ಹುಕುಂ ನನಗೆ ಯಾವ ಸಾಹೇಬನೂ ಎಂದೂ ಕೊಟ್ಟಿರಲಿಲ್ಲ.

ಆಗ ಪೆಟ್ರೋಲ್ ಸಿಗದ ಕಾಲ. ಹಾನಗಲ್ಲಿನಿಂದ ಶಿಗ್ಗಾವಿಯವರೆಗೆ ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಸವಣೂರಿನಲ್ಲಿ ಎರಡು ಕಟ್ಟು ವೀಳ್ಯದೆಲೆ ಕೊಂಡು, ಬಾಳೆಯ ಪಟ್ಟೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ಚೀಲದಲ್ಲಿಟ್ಟೆ. ಬರ್ಮಾದಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರೂ ಎಲೆ ಜಗಿಯುತ್ತಾರೆಂದು ಕೇಳಿದ್ದೆ. ಸವಣೂರಿನ ಎಲೆ ಅವರಿಗೂ ತಿಳಿಯಲಿ ಎಂಬ ಸೊಕ್ಕು ನನಗೆ.

ಯಲವಿಗಿ ಸ್ಟೇಷನ್ನಿನಲ್ಲಿ ಹನುಮಣ್ಣ ಕಾದಿದ್ದ. ಹಿರೇಕೆರೂರು ತಾಲೂಕಿನ ಅಬಲೂರಿನವನು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು, ದರ್ಜೆಯಲ್ಲಿ ಒಂದು ಮೆಟ್ಟಿಲು ಕೆಳಗಿನವನು. ಯುದ್ಧಕ್ಕೆ ಬರುವ ಮುಂಚೆ ಬಾವಿ ತೋಡುತ್ತಿದ್ದ. ಬಂಡೆ ಬಂದರೆ ಮದ್ದು ತುಂಬಿ ಹಾರಿಸುತ್ತಿದ್ದ. ನನ್ನ ವಿದ್ಯೆ ಪುಸ್ತಕದಿಂದ ಬಂದದ್ದು, ಅವನದು ಬಾವಿಯಿಂದ. ಇಬ್ಬರೂ ಕೂಡಿದರೆ ಒಬ್ಬ ಪೂರಾ ಮನುಷ್ಯ ಆಗುತ್ತೇವೆಂದು ಡಿಪೋದ ಮಂದಿ ಚೇಷ್ಟೆ ಮಾಡುತ್ತಿದ್ದರು.

ಸಮುದ್ರದ ಮೇಲೆ

ಮದ್ರಾಸಿನಲ್ಲಿ ಹಡಗು ಹತ್ತಿದ ಎರಡನೆಯ ತಾಸಿಗೇ ನಾನು ಮಲಗಿದೆ. ಅವ್ವ ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡರ ವಾಸನೆಯೂ ಬೇಡವಾಯಿತು. ಹನುಮಣ್ಣನಿಗೆ ಏನೂ ಆಗಲಿಲ್ಲ, ಆದರೆ ಅವನು ಕಟಕಟೆಯ ಹತ್ತಿರ ಹೋಗಲೊಲ್ಲ.

"ಬಾವ್ಯಾಗ ನೀರು ಕಂಡ್ರ ಕುಣೀತಿದ್ದೆ ನಾನು," ಎಂದ. "ಇದನ್ನ ನೋಡ್ರಿ ಹವಾಲ್ದಾರ್ರ. ಕಣ್ಣು ಹರಿಯೂತನಕಾ ನೀರು, ಕುಡ್ಯಾಕ ಒಂದು ಬೊಗಸಿ ಬರೂದಿಲ್ಲ. ತಳಾ ಎಲ್ಲೈತೊ ಅದೂ ಗೊತ್ತಿಲ್ಲ. ತಳಾ ಕಾಣದ ಕೆಲಸ ನಾ ಮಾಡಾವಲ್ಲ."

ನಾನು ಮಲಗಿದ್ದಷ್ಟೂ ದಿನ ನನ್ನ ಎಲೆಗಳಿಗೆ ಹೊತ್ತು ಹೊತ್ತಿಗೆ ನೀರು ಚಿಮುಕಿಸಿದವನು ಅವನೇ. ರಂಗೂನ್ ಕಂಡಾಗ ನಾನು ಬಾಡಿದ್ದೆ, ಎಲೆ ಬಾಡಿರಲಿಲ್ಲ.

ರಂಗೂನ್, ನೀರಿನ ಹಬ್ಬ

ನಾವು ಇಳಿದ ದಿನ ಅವರ ಹೊಸ ವರ್ಷದ ಹಬ್ಬ. ನಮ್ಮಲ್ಲಿ ಹೋಳಿಹಬ್ಬದಲ್ಲಿ ಬಣ್ಣ ಎರಚಿದಂತೆ ಅಲ್ಲಿ ಬರೀ ನೀರು ಎರಚುತ್ತಾರೆ. ಬಾಂಬಿಗೆ ಅರ್ಧ ಕುಸಿದ ಮನೆಗಳ ಮುಂದೆಯೂ ಕೊಡ ಹಿಡಿದು ನಿಂತಿದ್ದರು. ಮೊಳದುದ್ದದ ಚುಟ್ಟಾ ಸೇದುತ್ತಿದ್ದ ಒಬ್ಬ ಮುದುಕಿ ಹೊಗೆ ಬಿಟ್ಟು, ನಕ್ಕು, ನಮ್ಮ ಲಾರಿಯೊಳಕ್ಕೆ ಒಂದು ಕೊಡ ನೀರು ಸುರಿದಳು. ಹಳೆಯ ವರ್ಷದ ಪಾಪ ತೊಳೆದಂತಂತೆ. ಪಾಪದ ಜೊತೆಗೆ ನನ್ನ ಎದೆಯ ಜೇಬಿನಲ್ಲಿದ್ದ ನಕ್ಷೆಯೂ ತೊಯ್ದಿತು.

ಆ ನಕ್ಷೆ ಬಹಳ ಬೆಲೆಯದ್ದು. ನಮಗಿಂತ ಮುಂಚೆ ಆ ಜಾಗದಲ್ಲಿ ಕೆಲಸ ಮಾಡಿದ ತುಕಡಿಯವರು ಬರೆದದ್ದು. ಎಲ್ಲೆಲ್ಲಿ ಗುಂಡಿ ತೋಡಿ ಮದ್ದು ಸುಟ್ಟರೋ ಅಲ್ಲಲ್ಲಿ ಕೆಂಪು ಉಂಗುರ. ಮೂರು ಉಂಗುರಗಳು. ಮಸಿ ಸ್ವಲ್ಪ ಹರಡಿತ್ತು, ಪುಣ್ಯಕ್ಕೆ ಅಳಿಸಿರಲಿಲ್ಲ.

ಮಧ್ಯಾಹ್ನದ ಊಟ ಇನ್ನೊಂದು ಪೀಕಲಾಟ. ಅನ್ನ ನೋಡಿ ನನಗೆ ಅಕ್ಕಿಆಲೂರೇ ಕಣ್ಣಿಗೆ ಬಂತು; ಬಿಳಿ, ಬಿಡಿಬಿಡಿ. ಪಕ್ಕದಲ್ಲಿ ಬೂದುಬಣ್ಣದ ಚಟ್ನಿ. ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ತಂದೆ. ಹುದುಗಿಸಿದ ಮೀನು! ನಮ್ಮದು ಲಿಂಗ ಕಟ್ಟಿದ ಮನೆ, ಮೀನಿನ ನೆರಳೂ ಬೀಳಬಾರದು. ಅಲ್ಲಿ ಕಾಯಿಪಲ್ಲೆಯಲ್ಲೂ ಅದನ್ನೇ ಹಾಕುತ್ತಾರೆ. ಹನುಮಣ್ಣ ನನ್ನ ಪಾಲನ್ನೂ ತಿಂದು, "ವಾಸನಿ ಕೆಟ್ಟ, ರುಚಿ ಚಲೋ," ಎಂದು ತೀರ್ಪು ಕೊಟ್ಟ. ಅಲ್ಲಿಂದ ಮುಂದೆ ನಾನು ಅನ್ನ, ಉಪ್ಪು, ಬಾಳೆಹಣ್ಣು, ಅವ್ವನ ಚಟ್ನಿಪುಡಿಯ ಮೇಲೆ ದಿನ ತೆಗೆದೆ.

ಹಳ್ಳಿ

ಪೆಗು ದಾಟಿ ಲಾರಿಯಲ್ಲಿ ಅರ್ಧ ದಿನ. ಹಳ್ಳಿ ನೋಡಿದ ಕೂಡಲೇ ಹನುಮಣ್ಣ, "ಇದು ಹಾನಗಲ್ಲ ಬಾಜೂದ ಊರು ಅಲ್ಲೇನ್ರಿ?" ಎಂದ. ಹೌದು, ಹಾಗೇ ಇತ್ತು. ಬದು ಹಾಕಿದ ಗದ್ದೆಗಳು, ಕಾಲುವೆ, ಎತ್ತಿನ ಬಂಡಿ, ಮಾವಿನ ಮರ. ಮನೆಗಳು ಮಾತ್ರ ಬಿದಿರಿನವು, ಕಂಬದ ಮೇಲೆ ನಿಂತಂಥವು. ಕಾಲುವೆಯ ಆಚೆಯ ಗದ್ದೆಗಳಲ್ಲಿ ಭತ್ತದ ಕೂಳೆ ಇತ್ತು. ಈಚೆಯವುಗಳಲ್ಲಿ ಆಳೆತ್ತರದ ಹುಲ್ಲು. ಎರಡು ಮಳೆಗಾಲ ಅಲ್ಲಿ ಯಾರೂ ನೇಗಿಲು ಇಟ್ಟಿರಲಿಲ್ಲ.

ಊರ ಗೌಡನ ಹೆಸರು ಊ ಬಾ ಥೀನ್. ಹೆಸರಿನ ಮುಂದೆ ‘ಊ’ ಎಂದರೆ ನಾವು ‘ಅಪ್ಪಾರು’ ಎಂದಂತೆ. ಹೆಂಗಸರಿಗೆ ‘ಡಾ’, ನಮ್ಮ ‘ಅವ್ವಾರು’. ಅವನು ಹರೆಯದಲ್ಲಿ ರಂಗೂನಿನ ಅಕ್ಕಿ ಗಿರಣಿಯಲ್ಲಿ ದುಡಿದವನು, ಹಿಂದುಸ್ತಾನಿ ಆಡುತ್ತಿದ್ದ. ನನಗೆ ಸವಣೂರಿನ ಸಂತೆಯಲ್ಲಿ ಕಲಿತ ಉರ್ದು ಬರುತ್ತಿತ್ತು. ಹೀಗೆ ನಮ್ಮಿಬ್ಬರ ಕಾರಭಾರ ನಡೆಯಿತು. ಅವನ ಮಾತನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ; ಅವನು ಆಡಿದ ರೀತಿ ಹಾಗೇ ಇತ್ತು.

ಅವನು ಮೊದಲು ನಮ್ಮನ್ನು ಕರೆದುಕೊಂಡು ಹೋದದ್ದು ಹೊಲಕ್ಕಲ್ಲ, ಒಂದು ಮನೆಗೆ. ಜಗಲಿಯ ಮೇಲೆ ಒಬ್ಬ ಗಟ್ಟಿಮುಟ್ಟಾದ ಗಂಡಸು ಬುಟ್ಟಿ ಹೆಣೆಯುತ್ತ ಕೂತಿದ್ದ. ಬಲಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು.

"ಈತ ನನ್ನ ಹೆಂಡ್ತಿ ತಮ್ಮ," ಎಂದ ಊ ಬಾ ಥೀನ್. "ಆರು ತಿಂಗಳ ಹಿಂದ ಹುಲ್ಲು ಕೊಯ್ಯಾಕ ಹೋಗಿದ್ದ. ಎತ್ತು ಅಲ್ಲೇ ಸತ್ತಿತು. ಈತ ಉಳದ. ನಿಮ್ಮ ಕಾಗದಾ ಮದ್ದೆಲ್ಲಾ ಸುಟ್ಟೈತಿ ಅಂತೈತಿ. ನೀವು ಏನಂತೀರಿ ನೋಡ್ರಿ."

ಬುಟ್ಟಿ ಹೆಣೆಯುವವನು ಕೈ ನಿಲ್ಲಿಸದೆ ನನ್ನ ಬೂಟುಗಳನ್ನು ನೋಡುತ್ತಿದ್ದ.

ನಮಗೆ ಉಳಿಯಲು ಕೊಟ್ಟದ್ದು ಡಾ ಮ್ಯಾ ಎಂಬ ವಿಧವೆಯ ಮನೆಯ ಕೆಳಗಿನ ಜಾಗ. ಅರವತ್ತರ ಹೆಂಗಸು, ಬೆನ್ನು ನೆಟ್ಟಗೆ. ಅವಳ ಮೊದಲಿನ ಮನೆ ಕಾಲುವೆಯ ಈಚೆ, ಈಗ ಹುಲ್ಲು ಬೆಳೆದ ಜಾಗದಲ್ಲೇ ಇತ್ತು. ಲಷ್ಕರ ಜಾಗ ಹಿಡಿದಾಗ ಹತ್ತು ಮನೆಗಳನ್ನು ಕೆಡವಿ ಈಚೆಯವರನ್ನು ಆಚೆ ಓಡಿಸಿದ್ದರು. ಉಟ್ಟ ಬಟ್ಟೆಯಲ್ಲೇ ಬಂದೆವು ಎಂದು ಊ ಬಾ ಥೀನ್ ಅವಳ ಪರವಾಗಿ ಹೇಳಿದ.

ನಾನು ಸವಣೂರಿನ ಎಲೆಯ ಕಟ್ಟು ಬಿಚ್ಚಿ ಅವಳ ಮುಂದಿಟ್ಟೆ. ಅವಳು ಒಂದು ಎಲೆ ಬೆಳಕಿಗೆ ಹಿಡಿದು ನೋಡಿ, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಜಗಿದಳು. ನಾನು ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಕಾದೆ. ಆಮೇಲೆ ಏನೋ ಹೇಳಿದಳು.

"ಎಲಿ ಮೆತ್ತಗೈತಂತ. ಖಾರ ಕಡಿಮಿ ಅಂತ," ಎಂದ ಊ ಬಾ ಥೀನ್.

ನನ್ನ ಮುಖ ಇಳಿಯಿತು. ಆದರೆ ಅವಳು ಕಟ್ಟನ್ನು ತಿರುಗಿ ಕೊಡಲಿಲ್ಲ.

ಹೊಲ

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಕೆಟ್ಟ ಗುಂಡುಗಳನ್ನು ಗುಂಡಿಯಲ್ಲಿ ಪೇರಿಸಿ ಒಮ್ಮೆಗೇ ಸಿಡಿಸುತ್ತಾರೆ. ಎಲ್ಲವೂ ಸಿಡಿಯುವುದಿಲ್ಲ. ಕೆಲವು ಸಿಡಿತದ ಹೊಡೆತಕ್ಕೆ ಹಾರಿ ದೂರ ಬಿದ್ದು, ಮಣ್ಣಲ್ಲಿ ಸೇರಿಕೊಂಡು, ಮುಟ್ಟುವವರಿಗೆ ಕಾಯುತ್ತವೆ. ಅದಕ್ಕೇ ಗುಂಡಿ ನೋಡಿದರೆ ಸಾಲದು, ಸುತ್ತಲಿನ ನೆಲವನ್ನೆಲ್ಲ ನೋಡಬೇಕು.

ಲಷ್ಕರ ನಮಗೊಂದು ಯಂತ್ರ ಕೊಟ್ಟಿತ್ತು. ಕಿವಿಗೆ ಹಾಕಿಕೊಂಡು ನೆಲದ ಮೇಲೆ ತಟ್ಟೆ ಆಡಿಸಿದರೆ ಕಬ್ಬಿಣ ಇದ್ದಲ್ಲಿ ಕೂಗುತ್ತದೆ. ಈ ಹೊಲದಲ್ಲಿ ಅದು ಒಂದೇ ಸವನೆ ಕೂಗಿತು. ನೆಲದ ತುಂಬ ಸಿಡಿದ ಚೂರುಗಳೇ. ಎರಡನೆಯ ದಿನ ಬಿಸಿಲಿಗೆ ಅದರ ಬ್ಯಾಟರಿಯೂ ಸತ್ತಿತು. ಹನುಮಣ್ಣ ಅದನ್ನು ಮಾವಿನ ಮರಕ್ಕೆ ತೂಗುಹಾಕಿ, "ಒದರಿ ಒದರಿ ಸುಸ್ತಾಗೇತಿ, ಮಲಗ್ಲಿ ಬಿಡ್ರಿ," ಎಂದ.

ಆಮೇಲೆ ನಮ್ಮ ಹಳೆಯ ದಾರಿ. ಹುಲ್ಲನ್ನು ದೂರದಿಂದ ಉದ್ದ ಹಿಡಿಕೆಯ ಕುಡುಗೋಲಿನಿಂದ ಕೊಯ್ಯುವುದು, ಹಗ್ಗ ಕಟ್ಟಿ ಹೊಲವನ್ನು ಪಟ್ಟಿ ಪಟ್ಟಿ ಮಾಡುವುದು, ಮೊಣಕಾಲೂರಿ ತೆಳ್ಳನೆಯ ಸಲಾಕೆಯಿಂದ ಗೇಣಿಗೊಂದು ಚುಚ್ಚುತ್ತ ಸರಿಯುವುದು. ಸಲಾಕೆಯನ್ನು ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಗುಂಡಿನ ಮೂತಿಗೆ ತಾಕೀತು. ಓರೆಯಾಗಿ ಚುಚ್ಚಿದರೆ ಮೈಗೆ ತಾಕುತ್ತದೆ. ಸಿಕ್ಕಲ್ಲಿ ಕೆಂಪು ಬಾವುಟ ನೆಡುವುದು, ಮುಂದೆ ಹೋಗುವುದು. ಅವ್ವನ ಹುಕುಂ ಪ್ರಕಾರ, ಮುಟ್ಟಬೇಡ.

ನಮ್ಮಲ್ಲಿ ಬಾವಿ ತೋಡುವಾಗ ಮಂದಿ ಸುತ್ತ ಕೂತು ನೋಡುವ ಹಾಗೆ ಅಲ್ಲಿಯವರು ಕಾಲುವೆಯ ಏರಿಯ ಮೇಲೆ ಕೂತು ನೋಡುತ್ತಿದ್ದರು. ಬಾವುಟ ನೆಟ್ಟಾಗ ಯಾರದೋ ಉಸಿರು ಬಿಟ್ಟ ಸಪ್ಪಳ ಕೇಳುತ್ತಿತ್ತು. ಅದು ಯಾರ ಹೊಲವೋ ಅವರದು.

ಮೂರನೆಯ ದಿನ ಸಂಜೆ ಮೂರೂ ಗುಂಡಿಗಳ ಲೆಕ್ಕ ಹತ್ತಿತು. ಸುತ್ತ ಹಾರಿ ಬಿದ್ದ ಗುಂಡುಗಳಿಗೆಲ್ಲ ಬಾವುಟ ಬಿದ್ದವು. ಅವುಗಳನ್ನು ಇದ್ದಲ್ಲೇ ಸಿಡಿಸಿದರೆ ಕೆಲಸ ಮುಗಿಯಿತು ಎಂದುಕೊಂಡೆ. ನನ್ನ ಮೇಲೆ ನನಗೆ ಬಹಳ ಸಮಾಧಾನ. ರಂಗೂನಿನಲ್ಲಿ ತೊಯ್ದ ಮೇಲೆ ಮಡಿಚಿದ್ದ ನಕ್ಷೆ ಬೂಷ್ಟು ಹಿಡಿಯುತ್ತಿತ್ತು. ಅದನ್ನು ಡಾ ಮ್ಯಾಳ ಮನೆಯ ಮುಂದಿನ ಹಗ್ಗಕ್ಕೆ ಬಟ್ಟೆಯ ಹಾಗೆ ಹರವಿದೆ.

ಡಾ ಮ್ಯಾ ನೀರು ತರಲು ಹೋಗುತ್ತಿದ್ದವಳು ಅದರ ಮುಂದೆ ನಿಂತಳು. ಕಾಲುವೆಯ ಗೆರೆ ಗುರುತಿಸಿದಳು, ಮಾವಿನ ಮರ ಗುರುತಿಸಿದಳು. ಕೆಂಪು ಉಂಗುರಗಳ ಮೇಲೆ ಬೆರಳಿಟ್ಟು ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ ನಾಲ್ಕು ಬೆರಳು ಎತ್ತಿದಳು.

ಊ ಬಾ ಥೀನನನ್ನು ಕರೆಸಿದೆ. ಅವಳು ಹೇಳಿದ್ದನ್ನು ಅವನು ಹೇಳಿದ.

"ನಾವು ಆಚೀಕಡೆ ಇದ್ವಿ, ಏನೂ ಕಾಣ್ತಿದ್ದಿಲ್ಲ. ಆದ್ರ ಲಾರಿ ಸಪ್ಪಳ ಕೇಳ್ತಿತ್ತು. ಒಂದು ದಿನ ಲಾರಿ ಬರ್ತಿದ್ವು, ಮರುದಿನ ಸಿಡೀತಿತ್ತು, ಹೊಗಿ ಏಳ್ತಿತ್ತು. ಹಂಗ ಮೂರು ಸಲ ಆತು. ನಾಕನೇ ಸಲ ಲಾರಿ ಬಂದ್ವು. ಅವತ್ತ ಮಳಿ ಹಿಡೀತು. ಹೊಗಿ ಏಳಲಿಲ್ಲ. ಆಮ್ಯಾಲೆ ಸಿಪಾಯಿಗೋಳು ಹೋಗೇ ಬಿಟ್ರು."

ನಾಲ್ಕು ಸಲ ಲಾರಿ, ಮೂರು ಸಲ ಹೊಗೆ. ನನ್ನ ಸಮಾಧಾನ ಅಲ್ಲಿಗೇ ಇಳಿಯಿತು.

"ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದೆ.

ಊ ಬಾ ಥೀನ್ ಅವಳನ್ನು ಕೇಳಿದ. ಅವಳು ಕೊಡ ಸೊಂಟಕ್ಕೇರಿಸಿ ಒಂದೇ ಮಾತು ಆಡಿ ಹೊರಟಳು.

"ಯಾರೂ ಕೇಳಲಿಲ್ಲ ಅಂತಾಳ."

ನಾಲ್ಕನೆಯದು

ಮರುದಿನ ನಾನು ಸಲಾಕೆ ಮುಟ್ಟಲಿಲ್ಲ. ಹನುಮಣ್ಣನನ್ನು ಮುಂದೆ ಬಿಟ್ಟು ಹಿಂದೆ ನಡೆದೆ. ನಾವು ಆಗಲೇ ನೋಡಿ ಮುಗಿಸಿದ್ದ ಪಟ್ಟಿಗಳನ್ನು ದಾಟಿ, ಗುಂಡಿಗಳಿಂದ ದೂರವಿದ್ದ, ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದ ಕೆಳಗಿನ ಹೊಲದ ಬದುವಿನ ಮೇಲೆ ಸುತ್ತಿದೆವು. ನೆಲ ಬೇಸಿಗೆಗೆ ಒಣಗಿ ನಮ್ಮ ಹಿರೇಕೆರೂರಿನ ಎರೆಯ ಹಾಗೆ ಬಿರಿದಿತ್ತು.

ಹನುಮಣ್ಣ ಒಂದು ಕಡೆ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ಏಳಲಿಲ್ಲ.

"ಹವಾಲ್ದಾರ್ರ, ಈ ಬಿರುಕು ನೋಡ್ರಿ. ಎಲ್ಲಾ ಕಡೆ ಹ್ಯಾಂಗರ ಹರದಾವು, ಅಡ್ಡಾದಿಡ್ಡಿ. ಇಲ್ಲಿ ನೋಡ್ರಿ, ಬಳಿ ಹಂಗ ದುಂಡಗ ತಿರುಗೇತಿ."

ನೋಡಿದೆ. ಹೌದು. ಅಂಗಳದಷ್ಟು ಅಗಲದ ಒಂದು ದುಂಡು ಗೆರೆ. ಒಳಗಿನ ನೆಲ ಬೆರಳಷ್ಟು ಕುಸಿದಿತ್ತು. ಹೇಳುವತನಕ ನನಗೆ ಕಂಡಿರಲಿಲ್ಲ.

"ಹಾಳು ಬಾವಿ ಮುಚ್ಚಿದ್ರ ಎರಡು ಮಳಿ ಆದಮ್ಯಾಲ ಹಿಂಗ ಆಕ್ಕೇತಿ," ಎಂದ. "ಹಳೇ ನೆಲಾ, ತುಂಬಿದ ಮಣ್ಣು ಎಂದೂ ಕೂಡೂದಿಲ್ರಿ. ಅಂಚಿಗೆ ಬಿಡತೈತಿ."

ಹೊಟ್ಟೆಯ ಮೇಲೆ ಮಲಗಿದೆ. ಅಂಚಿನಿಂದ ಓರೆಯಾಗಿ ಸಲಾಕೆ ತೂರಿಸಿದೆ. ಮೊಳದಾಳದಲ್ಲಿ ಡೊಕ್ ಎಂದಿತು. ಕಬ್ಬಿಣವಲ್ಲ, ಕಟ್ಟಿಗೆ. ಗುಂಡಿನ ಪೆಟ್ಟಿಗೆಗಳು ಕಟ್ಟಿಗೆಯವೇ ಇರುತ್ತವೆ. ಇನ್ನೊಂದು ಕಡೆ ಚುಚ್ಚಿದೆ, ಡೊಕ್. ಮತ್ತೊಂದು ಕಡೆ, ಡೊಕ್. ಬೆವರು ಕಣ್ಣಿಗೆ ಇಳಿಯಿತು. ಹಿಂದಕ್ಕೆ ಸರಿದು ಬದುವಿನ ಮೇಲೆ ಕೂತಾಗ ಆ ಹೊಲ ಯಾರದೆಂದು ಹನುಮಣ್ಣನನ್ನು ಕೇಳಿದೆ. ಅವನು ಏರಿಯ ಕಡೆ ನೋಡಿದ. ಅಲ್ಲಿ ಊ ಬಾ ಥೀನ್ ಒಬ್ಬನೇ ಎದ್ದು ನಿಂತಿದ್ದ.

ಸಾಹೇಬ

ನಮ್ಮ ಮೇಲಿನ ಇಂಗ್ಲಿಷ್ ಕ್ಯಾಪ್ಟನ್ ಪೆಗುವಿನಲ್ಲಿ ಬಿಡಾರ ಹೂಡಿದ್ದ. ಕೆಟ್ಟ ಮನುಷ್ಯನಲ್ಲ. ಐದು ವರ್ಷ ಊರು ಬಿಟ್ಟವನು. ಹಡಗಿನಲ್ಲಿ ಅವನಿಗೆ ಜಾಗ ಸಿಕ್ಕಿತ್ತು, ಆ ವಾರದಲ್ಲೇ ಹೊರಡುವವನಿದ್ದ. ನಾನು ಕಳಿಸಿದ ಚೀಟಿ ಓದಿ ಜೀಪಿನಲ್ಲಿ ಬಂದ. ಕೈಯಲ್ಲಿ ನಾನು ಸಹಿ ಮಾಡಬೇಕಾದ ಕಾಗದ.

"ಮೂರು ಗುಂಡಿ ಎಂದು ದಾಖಲೆಯಲ್ಲಿದೆ," ಎಂದ ತನ್ನ ಹಿಂದುಸ್ತಾನಿಯಲ್ಲಿ. "ಒಬ್ಬ ಮುದುಕಿಯ ಮಾತು ಕೇಳಿ, ನೆಲದ ಬಿರುಕು ನೋಡಿ ನಾಲ್ಕು ಎಂದು ಹೇಗೆ ಬರೆಯಲಿ? ಸಹಿ ಮಾಡು, ಹವಾಲ್ದಾರ್."

"ಮಾಡುವುದಿಲ್ಲ, ಸಾಹೇಬ್."

ಅವನ ಕಿವಿ ಕೆಂಪಾದವು. "ಇದು ಹುಕುಂ."

"ಸಾಹೇಬ್, ನನ್ನ ಸಹಿ ನೋಡಿ ಈ ಮಂದಿ ನೇಗಿಲು ಹೂಡುತ್ತಾರೆ. ಬೇಕಾದರೆ ನನ್ನ ತೋಳಿನ ಪಟ್ಟಿ ಕಿತ್ತುಕೊಳ್ಳಿ. ಆದರೆ ಕಿತ್ತುಕೊಳ್ಳುವ ಮುಂಚೆ ಒಂದು ತಾಸು ನನ್ನ ಜೊತೆ ಬಂದು ನೆಲದ ಮೇಲೆ ಮಲಗಿ."

ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ. ಆದರೆ ಆಗ ನನಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಆ ಡೊಕ್ ಸಪ್ಪಳ ನನ್ನ ಕೈಯಲ್ಲಿತ್ತು.

ಕ್ಯಾಪ್ಟನ್ ಟೋಪಿ ತೆಗೆದು ಜೀಪಿನಲ್ಲಿಟ್ಟ.

ಊರವರನ್ನೆಲ್ಲ ದೂರ ಕಳಿಸಿದೆವು. ಹನುಮಣ್ಣ ಅಂಚಿನಲ್ಲಿ ಮಲಗಿ ಕರಣೆಯಿಂದ ಮಣ್ಣು ಕೆರೆಯತೊಡಗಿದ. ಒಂದು ಸಲಕ್ಕೆ ಒಂದು ಹಿಡಿ, ಅಷ್ಟೇ. ಕೆರೆದದ್ದನ್ನು ಕೈಯಿಂದ ಎತ್ತಿ ಹಿಂದೆ ಇಡುವುದು. ಬಾವಿಯಲ್ಲಿ ಬಂಡೆ ಒಡೆಯುವವನ ಕೈ ಇಷ್ಟು ಹಗುರ ಇರುತ್ತದೆಂದು ಯಾರೂ ನಂಬುವುದಿಲ್ಲ. ತಾಸಿನ ಮೇಲೆ ಒಂದು ಪೆಟ್ಟಿಗೆಯ ಮೂಲೆ ಕಂಡಿತು. ಹಗ್ಗದ ಹಿಡಿಕೆ ಕೊಳೆತಿತ್ತು. ಹಲಗೆ ಗೆದ್ದಲು ತಿಂದು ಕಾಗದವಾಗಿತ್ತು. ಬ್ರಷ್ಷಿನಿಂದ ಮಣ್ಣು ಸರಿಸಿದಾಗ ಒಳಗಿನದು ಕಂಡಿತು. ಮೋರ್ಟರ್ ಎಂಬ ಗಿಡ್ಡ ತೋಪಿನ ಗುಂಡುಗಳು, ಭತ್ತದ ತೆನೆಯ ಹಾಗೆ ಒತ್ತೊತ್ತಾಗಿ. ಪ್ರತಿಯೊಂದರ ಮೂತಿಗೂ ಸಿಡಿಸುವ ಫ್ಯೂಜು ಕೂತಿತ್ತು. ಕಿಲುಬು ಹಿಡಿದು ಹಸಿರಾಗಿತ್ತು.

ಅದರ ಕೆಳಗೆ ಇನ್ನೊಂದು ಪೆಟ್ಟಿಗೆ. ಅದರ ಬಾಜೂಕೆ ಇನ್ನೊಂದು.

ಕ್ಯಾಪ್ಟನ್ ನನ್ನ ಪಕ್ಕದಲ್ಲಿ ಮಲಗಿ ನೋಡುತ್ತಿದ್ದ. ಗದ್ದೆಯ ಧೂಳು ಅವನ ಬೆವತ ಗದ್ದಕ್ಕೆ ಮೆತ್ತಿತ್ತು. ನಿಧಾನಕ್ಕೆ ಹಿಂದೆ ಸರಿದು, ಎದ್ದು, ಕಾಲುವೆಯವರೆಗೂ ನಡೆದು ಹೋಗಿ ಮುಖ ತೊಳೆದ. ಬಂದವನು ಮೊದಲಿನ ಕಾಗದವನ್ನು ಮಡಿಚಿ ಜೇಬಿಗೆ ಹಾಕಿ, ನನ್ನ ಕೈಗೆ ಪೆನ್ಸಿಲ್ ಕೊಟ್ಟ.

"ನೀನೇ ಬರೆ," ಎಂದ. "ಎಲ್ಲಿ ಹೌದು, ಎಲ್ಲಿ ಅಲ್ಲ. ನಾನು ನಿನ್ನ ಕೆಳಗೆ ಸಹಿ ಮಾಡುತ್ತೇನೆ."

ಅವನು ಆ ವಾರದ ಹಡಗು ಹತ್ತಲಿಲ್ಲ ಎಂದು ಆಮೇಲೆ ಕೇಳಿದೆ. ಪೆಗುವಿನಲ್ಲಿ ಕೂತು, ನಾಲ್ಕನೆಯ ಗುಂಡಿಗೆ ದೊಡ್ಡ ತುಕಡಿ ಬರಬೇಕೆಂದು ಬರೆದು ಬರೆದು ಮಂಜೂರು ಮಾಡಿಸಿದ. ಆದರೆ ಆ ತುಕಡಿ ಬರುವುದು ಮಳೆಗಾಲ ಮುಗಿದ ಮೇಲೆಯೇ.

ಹೌದು ಮತ್ತು ಅಲ್ಲ

ಬಾವುಟದ ಕೆಳಗಿನ ಬಿಡಿ ಗುಂಡುಗಳನ್ನು ನಾವಿಬ್ಬರೂ ಇದ್ದಲ್ಲೇ ಸಿಡಿಸಿದೆವು. ಕೆಳಗಿನ ಹೊಲದ ಸುತ್ತ ಬಿದಿರು ಹೂಳಿ ಮುಳ್ಳುತಂತಿ ಬಿಗಿದೆವು. ಮೇಲಿನ ಹೊಲಗಳನ್ನು ಇನ್ನೊಮ್ಮೆ ಅಡ್ಡಡ್ಡ ಪಟ್ಟಿ ಹಾಕಿ, ಗೇಣು ಗೇಣು ಚುಚ್ಚಿ ನೋಡಿದೆವು. ಕೈಬೆರಳುಗಳಲ್ಲಿ ಬೊಬ್ಬೆ ಎದ್ದವು. ಹನ್ನೊಂದನೆಯ ದಿನ ಒಂದು ಬೇಸಿಗೆಯ ಅಡ್ಡಮಳೆ ಬಿತ್ತು. ನೆಲ ಹದಕ್ಕೆ ಬಂತು. ಊರಿನವರ ಕಣ್ಣು ಆಕಾಶದ ಕಡೆ, ನಮ್ಮ ಕಡೆ.

ಸಂಜೆ ಊರವರನ್ನು ಮಾವಿನ ಮರದ ಕೆಳಗೆ ಕೂಡಿಸಿ ಹೇಳಿದೆ. ಮೇಲಿನ ಹೊಲಗಳಲ್ಲಿ ಉಳಬಹುದು. ಕೆಳಗಿನದರಲ್ಲಿ ಈ ವರ್ಷ ಕಾಲಿಡಬಾರದು.

ಊ ಬಾ ಥೀನ್ ಅದನ್ನು ಅವರ ಮಾತಿನಲ್ಲಿ ಹೇಳಬೇಕಿತ್ತು. ಮೊದಲನೆಯ ಮಾತು ಹೇಳಿದ. ಎರಡನೆಯದನ್ನು ಮುಳ್ಳುತಂತಿಯ ಕಡೆ ತಿರುಗಿ ಹೇಳಿದ. ಆ ಕೆಳಗಿನ ಹೊಲ ಅವನ ಒಂದೇ ಹೊಲ.

"ಎರಡು ಮಳಿಗಾಲ ಹ್ವಾದುವು," ಎಂದ ನನಗೆ ಮಾತ್ರ ಕೇಳುವಂತೆ. "ಇದು ಮೂರನೇದ್ದು."

ಡಾ ಮ್ಯಾ ಜಗಿಯುತ್ತಿದ್ದುದನ್ನು ಉಗುಳಿ ಏನೋ ಹೇಳಿದಳು. ಅವಳದು ಮೇಲಿನ ಹೊಲ. ಮನೆಯಲ್ಲಿ ಗಂಡಾಳಿಲ್ಲ, ಎತ್ತಿಲ್ಲ. ಅವನು ಉಳಲಿ, ಬೆಳೆಯಲ್ಲಿ ಅರ್ಧ ಅವನದು, ಅರ್ಧ ತನ್ನದು ಎಂದಳು. ನಮ್ಮಲ್ಲಿ ಕೋರು ಹಾಕಿದ ಹಾಗೆ.

ಊ ಬಾ ಥೀನ್ ತಲೆ ಅಲ್ಲಾಡಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ನನ್ನ ಹೊಲಾ ಅಲ್ಲಂದ್ರಿ. ನಾ ಒಪ್ಪಿದೆ. ಆಕೀ ಹೊಲಾ ಹೌದಂತೀರಿ. ಅದನ್ನ ಹ್ಯಾಂಗ ಒಪ್ಪಲಿ? ಹಿಂದಿನವ್ರೂ ಹೌದು ಅಂತ ಬರದು ಹೋಗಿದ್ರು. ನನ್ನ ಹೆಂಡ್ತಿ ತಮ್ಮ ಅದನ್ನ ನಂಬಿದ್ದ."

"ಏನು ಮಾಡ್ಲಿ ಹೇಳ್ರಿ," ಎಂದೆ.

"ನಾಳೆ ನೇಗಿಲು ಹೂಡ್ತೇನಿ. ನೀವು ಎತ್ತಿನ ಮುಂದ ನಡೀತೀರಿ?"

ಊರೆಲ್ಲ ನನ್ನನ್ನು ನೋಡಿತು. ಬುಟ್ಟಿ ಹೆಣೆಯುವವನೂ ಬಂದು ಕೂತಿದ್ದ.

"ನಡೀತೇನಿ," ಎಂದೆ. "ಬೂಟ ಬಿಟ್ಟು, ಬರಿಗಾಲಾಗ ನಡೀತೇನಿ."

ಹನುಮಣ್ಣ ಕನ್ನಡದಲ್ಲಿ ಮೆಲ್ಲಗೆ ಕೇಳಿದ, "ಹವಾಲ್ದಾರ್ರ, ಖಾತ್ರಿ ಐತಿ ಹೌದಲ್ಲೋ?"

"ನಿನಗ?"

"ನನಗೈತ್ರಿ. ಅದಕ್ಕ ನಾನೂ ಬರ್ತೇನಿ."

ಉಳುಮೆ

ಬೆಳಿಗ್ಗೆ ಹೊತ್ತು ಮೂಡುವಾಗ ಹೂಡಿದರು. ಬಿಳಿ ಎತ್ತು ಎರಡು, ಕಟ್ಟಿಗೆಯ ನೇಗಿಲು, ನಮ್ಮದಕ್ಕಿಂತ ಹಗುರ. ಊ ಬಾ ಥೀನ್ ಮೇಣಿ ಹಿಡಿದ. ನಾನು ಎತ್ತುಗಳ ಮುಂದೆ ನಾಲ್ಕು ಹೆಜ್ಜೆ ಅಂತರದಲ್ಲಿ, ಹನುಮಣ್ಣ ನನ್ನ ಎಡಕ್ಕೆ. ಮಳೆ ಬಿದ್ದ ಮಣ್ಣು ಕಾಲಿಗೆ ತಣ್ಣಗೆ ಹತ್ತಿತು. ಅಕ್ಕಿಆಲೂರಿನ ನಮ್ಮ ಗದ್ದೆಯಲ್ಲಿ ಎಷ್ಟು ಸಲ ಹೀಗೆ ನಡೆದಿದ್ದೇನೋ. ಒಮ್ಮೆಯೂ ಹೆಜ್ಜೆ ಎಣಿಸಿರಲಿಲ್ಲ. ಅಂದು ಎಣಿಸಿದೆ.

ಒಂದು ಸಾಲು ಹೋಗಿ ಬಂದೆವು. ಎರಡು. ಏರಿಯ ಮೇಲೆ ಕೂತವರಲ್ಲಿ ಯಾರೋ ಕೆಮ್ಮಿದರು. ನಾಲ್ಕನೆಯ ಸಾಲಿಗೆ ನನಗೆ ಶಿಳ್ಳೆ ಹಾಕಬೇಕೆನಿಸಿತು.

ಐದನೆಯ ಸಾಲಿನ ನಡುವೆ ಹಿಂದಿನಿಂದ ಟಣ್ ಎಂದಿತು.

ಎತ್ತು ನಿಂತವು. ಊ ಬಾ ಥೀನನ ಕೈ ಮೇಣಿಯ ಮೇಲೆ ಹಾಗೇ ಉಳಿಯಿತು. ಯಾರೂ ಅಲ್ಲಾಡಲಿಲ್ಲ. ನನ್ನ ತಲೆ ಒಂದೇ ಮಾತು ಹೇಳುತ್ತಿತ್ತು: ಈ ನೆಲವನ್ನು ನೀನು ಗೇಣು ಗೇಣು ಚುಚ್ಚಿದ್ದೀ, ಅದೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಗುಂಡು ಆ ನಡುವೆ ಅಡಗಲಾರದು. ಅಡಗಿದರೆ ಬೆರಳು ದಪ್ಪದ್ದೇನಾದರೂ ಅಡಗಬಹುದು.

"ಎತ್ತು ಹಿಡೀರಿ. ಹಿಂದ ಸರಸಬ್ಯಾಡ್ರಿ," ಎಂದೆ. ತಿರುಗಿ ಹೋಗಿ ನೇಗಿಲ ಕುಳದ ಬಳಿ ಮೊಣಕಾಲೂರಿದೆ. ಹನುಮಣ್ಣ ಎದುರಿಗೆ ಕೂತ. ಬೆರಳಿನಿಂದ ಮಣ್ಣು ಬಿಡಿಸಿದೆವು. ತುಕ್ಕು ಹಿಡಿದ ಒಂದು ಕಬ್ಬಿಣದ ಕೋಲು, ಬೆರಳಷ್ಟೇ ದಪ್ಪ. ಅದರ ತುದಿಗೆ ಒಂದು ಬಾಗು. ಬಾಗಿನಿಂದ ಇನ್ನೊಂದು ಕೋಲು. ಹನುಮಣ್ಣ ನನ್ನ ಮುಖ ನೋಡಿ ನಗತೊಡಗಿದ. ಮಣ್ಣು ಸರಿಸಿ ಅದನ್ನು ಪೂರ್ತಿ ಎತ್ತಿದ. ಒಲೆಯ ಮೇಲೆ ಗಡಿಗೆ ಇಡುವ ಮುಕ್ಕಾಲಿ.

ಅದನ್ನು ಎತ್ತಿ ಹಿಡಿದು ಏರಿಯ ಕಡೆ ತೋರಿಸಿದೆ. ಡಾ ಮ್ಯಾ ಎದ್ದಳು. ಯಾರೋ ಅವಳ ಕೈ ಹಿಡಿದು ತಡೆದರು. ಕೊಡವಿಕೊಂಡು ಇಳಿದು, ಉತ್ತ ಮಣ್ಣಿನಲ್ಲಿ ನೆಟ್ಟಗೆ ನಡೆದು ಬಂದಳು. ಎರಡು ವರ್ಷದಲ್ಲಿ ಆ ಹೊಲಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮುಕ್ಕಾಲಿಯನ್ನು ತೆಗೆದುಕೊಂಡು ಉಟ್ಟ ಬಟ್ಟೆಯ ಅಂಚಿನಿಂದ ಒರೆಸಿದಳು. ಸುತ್ತ ನೋಡಿದಳು. ಮೂಡಲ ಕಡೆ ಐದಾರು ಹೆಜ್ಜೆ ನಡೆದು ನಿಂತು, ನೆಲ ತೋರಿಸಿ ಮಾತಾಡಿದಳು.

"ಬಾಗಲಾ ಇಲ್ಲಿತ್ತಂತ," ಎಂದ ಊ ಬಾ ಥೀನ್.

ಏರಿಯ ಮೇಲಿನವರು ಒಬ್ಬೊಬ್ಬರೇ ಇಳಿಯತೊಡಗಿದರು. ಹೆಂಗಸರು ತಮ್ಮ ತಮ್ಮ ಮನೆ ಇದ್ದ ಜಾಗ ಹುಡುಕುತ್ತ ಹರಡಿದರು. ಬುಟ್ಟಿ ಹೆಣೆಯುವವನು ಕೋಲೂರಿಕೊಂಡು ಬಂದು ಉತ್ತ ಸಾಲಿನ ಅಂಚಿನಲ್ಲಿ ನಿಂತ.

ನಾನು ಎತ್ತಿನ ಮುಂದೆ ನನ್ನ ಜಾಗಕ್ಕೆ ಹೋಗಿ ನಿಂತೆ. ಮೇಣಿ ಹಿಡಿದ ಊ ಬಾ ಥೀನ್ ಕೈ ಬೀಸಿದ.

"ಬಾಜೂಕ ಸರೀರಿ ಹವಾಲ್ದಾರ್ರ," ಎಂದ. "ಇನ್ನ ನಾ ಹೋಗ್ತೇನಿ."

ಬದುವಿಗೆ ಸರಿದೆ. ನಾನು ತುಳಿಯದ ನೆಲದ ಮೇಲೆ ನೇಗಿಲು ಹೋಯಿತು.